ಕೊಳಗ ಯಾರ ಕೈಯಲ್ಲಿತ್ತು? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರಗಳು ಕಾನೂನು ಮತ್ತು ಸ್ವಾತಂತ್ರ್ಯದ ಸುತ್ತಲೇ ಇದ್ದವು. ಬರೆದವರು ಬೇರೆ ಬೇರೆ ಊರಿನವರು, ಬೇರೆ ಬೇರೆ ವಯಸ್ಸಿನವರು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಪೂರ್ತಿ ಜಾಗ ಇವಕ್ಕೇ ಕೊಟ್ಟಿದ್ದೇನೆ.

ನಾನು ಬಿಎ ಎರಡನೇ ವರ್ಷದಲ್ಲಿದ್ದೇನೆ. ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ‘ಕಾನೂನು ಜಾಸ್ತಿಯಾದಷ್ಟೂ ಸ್ವಾತಂತ್ರ್ಯ ಕಡಿಮೆ’ ಅಂತ ವಾದ ಮಾಡಿ ಬಹುಮಾನ ಗೆದ್ದೆ. ಮನೆಗೆ ಬಂದ ಮೇಲೆ, ನಾನು ಹೇಳಿದ್ದು ನಿಜವಾ ಅಂತ ಅನುಮಾನ ಶುರುವಾಗಿದೆ. ಎಲ್ಲರೂ ಒಳ್ಳೆಯವರಾಗಿದ್ದರೆ ಕಾನೂನೇ ಬೇಕಿರಲಿಲ್ಲ, ಅಲ್ವಾ?
– ವಿದ್ಯಾರ್ಥಿನಿ, ತುಮಕೂರು

ಗೆದ್ದ ಮೇಲೂ ಅನುಮಾನ ಉಳಿಸಿಕೊಂಡಿದ್ದೀರಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ನಿಮಗೆ ಒಂದು ಕೊಳಗದ ವಿಷಯ ಹೇಳುತ್ತೇನೆ.

ಕೊಳಗ ಅಂದರೆ ಭತ್ತ ಅಳೆಯುವ ಪಾತ್ರೆ. ನಿಮ್ಮ ಅಜ್ಜಿಯನ್ನು ಕೇಳಿ, ಗೊತ್ತಿರುತ್ತದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಅಂತ ಒಂದು ಹಳ್ಳಿ ಇದೆ. ಅಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದ ರೈತರು ಸುಗ್ಗಿ ಮುಗಿದ ಮೇಲೆ ಜಮೀನಿನ ಒಡೆಯರಿಗೆ ಇಂತಿಷ್ಟು ಕೊಳಗ ಅಂತ ಭತ್ತ ಅಳೆದು ಕೊಡಬೇಕಿತ್ತು. ಅಳೆಯುವ ಕೊಳಗ ಒಡೆಯರದ್ದೇ. ಅದು ಇರಬೇಕಾದ ಅಳತೆಗಿಂತ ದೊಡ್ಡದಾಗಿತ್ತು. ಬಾಯಲ್ಲಿ ಎಣಿಸುವಾಗ ಹತ್ತು ಅಂದರೆ ಹತ್ತೇ ಕೊಳಗ, ಆದರೆ ಕಣದಿಂದ ಹೋಗುತ್ತಿದ್ದ ಭತ್ತ ಮಾತ್ರ ಹತ್ತಕ್ಕಿಂತ ಎಷ್ಟೋ ಜಾಸ್ತಿ. ವರ್ಷಪೂರ್ತಿ ಕೆಸರಲ್ಲಿ ನಿಂತವನ ಕಣ್ಣೆದುರಿಗೇ ಅವನ ಮಕ್ಕಳ ಅನ್ನ ಆ ಪಾತ್ರೆಯ ಅಂಚಿನಲ್ಲಿ ಹೋಗಿಬಿಡುತ್ತಿತ್ತು. ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂತ ಕೇಳಿದ್ದಕ್ಕೆ ಜಗಳ ಶುರುವಾಗಿ, 1951ರ ಏಪ್ರಿಲ್‌ನಲ್ಲಿ ಅದು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ರೈತರು ಸಾಲುಸಾಲಾಗಿ ಜೈಲಿಗೆ ಹೋದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಅವರ ಜತೆ ಬಂಧನಕ್ಕೊಳಗಾದರು.

ಈಗ ನಿಮ್ಮ ಚರ್ಚೆಯ ಮಾತಿಗೆ ಬನ್ನಿ. ಆ ಕಣದಲ್ಲಿ ಒಡೆಯರ ಕೈ ಹಿಡಿಯುವ ಕಾನೂನು ಒಂದೂ ಇರಲಿಲ್ಲ ಅಂತ ಇಟ್ಟುಕೊಳ್ಳಿ. ಆಗ ಅಲ್ಲಿ ಸ್ವಾತಂತ್ರ್ಯ ಜಾಸ್ತಿ ಇತ್ತಾ? ಇತ್ತು, ಒಡೆಯರಿಗೆ. ತಮ್ಮ ಕೊಳಗವನ್ನು ಎಷ್ಟು ದೊಡ್ಡದು ಬೇಕಾದರೂ ಮಾಡಿಸಿಕೊಳ್ಳುವ ಸ್ವಾತಂತ್ರ್ಯ. ರೈತನಿಗೂ ಮಾತಿಗೆ ಸ್ವಾತಂತ್ರ್ಯ ಇತ್ತು, ಬೇಡವಾದರೆ ಗದ್ದೆ ಬಿಟ್ಟು ಹೋಗಬಹುದಿತ್ತು. ಹೋಗಿ ಏನು ತಿನ್ನಬೇಕು? ಕಾನೂನು ಇಲ್ಲದ ಕಡೆ ನಿಯಮವೇ ಇರುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಅಲ್ಲಿ ಬಲ ಇರುವವನ ಮಾತೇ ನಿಯಮ, ಅದನ್ನು ಪ್ರಶ್ನಿಸಲು ಒಂದು ಕಚೇರಿಯಾಗಲಿ ಒಂದು ಅರ್ಜಿ ನಮೂನೆಯಾಗಲಿ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಅರ್ಜಿ ನಮೂನೆ ಅಂದೆನಲ್ಲ, ಅದು ಸುಮ್ನೆ ಹೇಳಿದ್ದಲ್ಲ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಯಿತು. 1974ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಗೇಣಿ ಪದ್ಧತಿಯೇ ಹೋಯಿತು. ಉಳುತ್ತಿದ್ದವರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. ಕರಾವಳಿಯಲ್ಲಿ ಇವತ್ತಿಗೂ ಹಿರಿಯರು ‘ಡಿಕ್ಲರೇಶನ್ ಹಾಕಿದ್ದು’ ಅಂತಲೇ ಹೇಳುತ್ತಾರೆ. ಓದು ಬರಹ ಬಾರದವರು ಇನ್ನೊಬ್ಬರ ಕೈಲಿ ಬರೆಸಿ ಹೆಬ್ಬೆಟ್ಟು ಒತ್ತಿದ ಆ ಒಂದು ಹಾಳೆಯಿಂದ ಎಷ್ಟೋ ಮನೆಗಳಲ್ಲಿ ಮೊದಲ ಸಲ ಪಹಣಿಯಲ್ಲಿ ಸ್ವಂತ ಹೆಸರು ಬಂತು, ಧಣಿಯ ಅಂಗಳದಲ್ಲಿ ಬಗ್ಗಿ ನಿಲ್ಲುವುದು ನಿಂತಿತು. ಅದೇ ಕಾನೂನಿನಿಂದ ನೊಂದವರೂ ಇದ್ದಾರೆ. ಒಂದೆರಡು ಎಕರೆ ಗೇಣಿಗೆ ಕೊಟ್ಟು ಅದರಲ್ಲೇ ಹೊಟ್ಟೆ ಹೊರೆಯುತ್ತಿದ್ದ ವಿಧವೆಯರು ಇದ್ದದ್ದನ್ನೂ ಕಳೆದುಕೊಂಡರು. ಅವರ ಮನೆಯವರು ಈ ಮಾತು ಓದಿದರೆ ಅವರ ನೋವನ್ನು ನಾನು ಮರೆತಿಲ್ಲ ಅಂತ ಗೊತ್ತಾಗಲಿ. ಆದರೂ ಒಟ್ಟು ತೂಗಿ ನೋಡಿದರೆ, ಕರ್ನಾಟಕದಲ್ಲಿ ಅತಿ ಹೆಚ್ಚು ಜನರಿಗೆ ತಲೆಯೆತ್ತಿ ನಡೆಯುವ ಧೈರ್ಯ ಕೊಟ್ಟ ಕಾನೂನುಗಳಲ್ಲಿ ಅದೂ ಒಂದು ಅಂತ ನಾನು ನಂಬುತ್ತೇನೆ.

ಇನ್ನು ‘ಎಲ್ಲರೂ ಒಳ್ಳೆಯವರಾಗಿದ್ದರೆ’ ಅನ್ನುವ ಮಾತು. ಒಡೆಯರು ಕೆಟ್ಟವರು, ಅದಕ್ಕೇ ಕಾನೂನು ಬೇಕಾಯಿತು ಅಂತ ನೀವು ಹೇಳಬಹುದು. ಹಾಗಾದರೆ ಕೆಟ್ಟವರೇ ಇಲ್ಲದ ಒಂದು ಜಾಗ ನೋಡೋಣ. ತುಂಗಭದ್ರಾ ಎಡದಂಡೆ ಕಾಲುವೆ ಅಣೆಕಟ್ಟಿನಿಂದ ಹೊರಟು ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 200 ಕಿಲೋಮೀಟರಿಗೂ ಜಾಸ್ತಿ ಹರಿಯುತ್ತದೆ. ಅದರ ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಅಂತ ಯೋಜನೆ ಮಾಡಿದವರು ಲೆಕ್ಕ ಹಾಕಿದ್ದರು. ಆದರೆ ಮೇಲ್ಭಾಗದಲ್ಲಿ ಭತ್ತ ಬೆಳೆದರು. ಬೆಳೆದವನು ಕಳ್ಳನಲ್ಲ, ಕೆಟ್ಟವನಲ್ಲ. ಮಗಳ ಮದುವೆ, ಮಗನ ಫೀಸು ಅಂತ ಎಲ್ಲರ ಹಾಗೆ ನಾಲ್ಕು ಕಾಸು ನೋಡಿದವನು. ಕಾಲುವೆ ಪಕ್ಕದಲ್ಲೇ ಹರಿಯುವಾಗ ಇನ್ನೊಂದು ಎಕರೆಗೆ ನೀರು ಬಿಟ್ಟುಕೊಂಡರೆ ಏನು ಮಹಾ ಅಂತ ಒಬ್ಬೊಬ್ಬರೂ ಅಂದುಕೊಂಡು, ಹಾಗೆ ಸಾವಿರಾರು ಜನ ಅಂದುಕೊಂಡು, ಕೊನೆಗೆ ಮಾನ್ವಿ ಕಡೆಯ ಕೊನೆಭಾಗದ ರೈತ ಒಣಗಿದ ಉಪಕಾಲುವೆಯಲ್ಲಿ ನಿಂತು ಮೇಲಕ್ಕೆ ನೋಡುವ ಹಾಗಾಯಿತು. ಅವನು ಮೇಲಿನವನನ್ನು ಕಂಡೇ ಇಲ್ಲ. ಮೇಲಿನವನು ಅವನನ್ನು ಕಂಡಿದ್ದರೆ ಕರೆದು ಊಟ ಹಾಕುತ್ತಿದ್ದ. ಒಳ್ಳೆಯತನ ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತದೆ, 200 ಕಿಲೋಮೀಟರ್ ಹೋಗುವುದು ಕಷ್ಟ. ಯಾವ ತೂಬು ಯಾವತ್ತು ತೆಗೆಯಬೇಕು, ಎಷ್ಟು ಹೊತ್ತು ತೆಗೆಯಬೇಕು ಅಂತ ಬರೆದಿಟ್ಟ ನಿಯಮ ಬೇಕಾಗುವುದು ಅಲ್ಲೇ. ನಿಯಮ ಇದ್ದರೂ ಪಾಲನೆ ಆಗದೆ, ಬೆಳೆ ಹೊತ್ತಿಗೆ ಕಾಲುವೆ ಉದ್ದಕ್ಕೂ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ಕಾವಲು ನಿಲ್ಲಿಸುವುದನ್ನೂ ಆ ಭಾಗದವರು ನೋಡಿದ್ದಾರೆ.

ಬಹುಮಾನ ವಾಪಸ್ ಕೊಡಬೇಡಿ. ಮುಂದಿನ ಸಲ ವಿರುದ್ಧ ಬಣದಲ್ಲಿ ಹೆಸರು ಬರೆಸಿ.

ಹೆಲ್ಮೆಟ್ ಹಾಕದಿದ್ದರೆ ಒಡೆಯೋದು ನನ್ನ ತಲೆ. ಇನ್ನೊಬ್ಬರಿಗೆ ಏನೂ ಆಗಲ್ಲ. ಇದರಲ್ಲಿ ಸರ್ಕಾರಕ್ಕೇನು ಕೆಲಸ?
– ಓದುಗರು, ಹುಬ್ಬಳ್ಳಿ

ನಿಮ್ಮ ಪ್ರಶ್ನೆ ಸರಿಯಾಗಿದೆ, ತಳ್ಳಿಹಾಕುವಂಥದ್ದಲ್ಲ. ನನ್ನನ್ನು ನನ್ನಿಂದಲೇ ಕಾಪಾಡುತ್ತೇನೆ ಅಂತ ಬರುವ ಕಾನೂನುಗಳು ಆದಷ್ಟು ಕಡಿಮೆ ಇರಬೇಕು. ಇಲ್ಲದಿದ್ದರೆ ನಾಳೆ ನೀವು ಎಷ್ಟು ಹೊತ್ತಿಗೆ ಮಲಗಬೇಕು ಅಂತಲೂ ಒಬ್ಬ ಅಧಿಕಾರಿ ಹೇಳಲು ಬರುತ್ತಾನೆ. ಆದರೂ ಹೆಲ್ಮೆಟ್ ವಿಷಯದಲ್ಲಿ ನಾನು ಕಾನೂನಿನ ಕಡೆ. ಯಾಕೆಂದರೆ ರಸ್ತೆ ನಿಮ್ಮೊಬ್ಬರದ್ದಲ್ಲ. ನೀವು ಬಿದ್ದರೆ ಇನ್ಯಾರೋ ಗಾಡಿ ನಿಲ್ಲಿಸಿ ಎತ್ತಬೇಕು, ಆಂಬ್ಯುಲೆನ್ಸ್ ಬರಬೇಕು, ರಕ್ತ ಬೇಕು, ಐಸಿಯುದಲ್ಲಿ ಒಂದು ಹಾಸಿಗೆ ಬೇಕು. ನನ್ನ ಸೋದರಮಾವನ ಮಗ ಹೀಗೆ ಬಿದ್ದಾಗ ಆಸ್ಪತ್ರೆಯ ಬೆಂಚಿನ ಮೇಲೆ ಹನ್ನೊಂದು ರಾತ್ರಿ ಕೂತಿದ್ದು ಅವನಲ್ಲ, ಅವನ ಹೆಂಡತಿ. ಅವನ ಚಪ್ಪಲಿಯನ್ನು ಕ್ಯಾರಿಬ್ಯಾಗಿನಲ್ಲಿ ಹಾಕಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವನು ಬದುಕಿ ಬಂದ, ಈಗ ಅಂಗಡಿಗೆ ಹೋದರೆ ಚಿಲ್ಲರೆ ಎಣಿಸಲು ಬರುವುದಿಲ್ಲ.

ಪೊಲೀಸರು ಮರೆಯಲ್ಲಿ ನಿಂತು ಹಿಡಿಯುತ್ತಾರೆ ಅಂತ ಪತ್ರದಲ್ಲಿ ಸಿಟ್ಟಿನಿಂದ ಬರೆದಿದ್ದೀರಿ, ಅದು ಬೇರೆ ವಿಷಯ. ಆ ಸಿಟ್ಟು ನನಗೂ ಇದೆ.

ನನಗೆ 1998ರಲ್ಲಿ ಮದುವೆಯಾಯಿತು. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡು ಅಂತಿದ್ದಾರೆ. ಜಮೀನು ಅಜ್ಜನ ಕಾಲದ್ದು. ನನಗೂ ಪಾಲಿದೆ ಅಂತ ಗೊತ್ತು. ಆದರೆ ಕೇಳಿದರೆ ತವರು ಮನೆಯ ಬಾಗಿಲು ಮುಚ್ಚುತ್ತದೆ. ಕಾನೂನು ಕೊಟ್ಟ ಈ ಸ್ವಾತಂತ್ರ್ಯ ಇಟ್ಟುಕೊಂಡು ನಾನೇನು ಮಾಡಲಿ?
– ಗೃಹಿಣಿ, ದಾವಣಗೆರೆ ಜಿಲ್ಲೆ

ತಂಗೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ.

ಮೊದಲು ಕಾನೂನು ಏನಿದೆ ನೋಡೋಣ. ಇಡೀ ದೇಶಕ್ಕಿಂತ ಮುಂಚೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ಮಾಡಿದ ಆ ತಿದ್ದುಪಡಿ 1994ರದ್ದು. ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು, ನಿಮ್ಮ ಮದುವೆ ಆಮೇಲಿನದು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೆ ಆ ಭೇದವೂ ಹೋಯಿತು. ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿದ್ದರೆ ಮಾತ್ರ ಪಾಲು ಅಂತ ಕೆಲವರು ವಾದ ಮಾಡುತ್ತಿದ್ದರು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಅಥವಾ ಕೋರ್ಟಿನ ಮೂಲಕ ಪಾಲಾಗಿ ಹೋಗಿದ್ದರೆ ಅದನ್ನು ಮತ್ತೆ ತೆಗೆಯಲು ಆಗುವುದಿಲ್ಲ. ಅಪ್ಪ ಸ್ವಂತ ದುಡಿದು ಕೊಂಡ ಆಸ್ತಿ ಬೇರೆ, ಅದನ್ನು ಅವರು ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು.

ಇಷ್ಟು ಕಾನೂನಿನ ಮಾತು. ಆದರೆ ನೀವು ಕೇಳಿದ್ದು ಇದಲ್ಲ ಅಂತ ಗೊತ್ತು.

ನಮ್ಮ ಚಿಕ್ಕಮ್ಮ ಹೀಗೇ ಒಂದು ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ನಾನು ಜತೆಗಿದ್ದೆ. ಉಪನೋಂದಣಿ ಕಚೇರಿಯ ಹೊರಗೆ ಹುಣಸೆಮರದ ಕೆಳಗೆ ಪತ್ರಬರಹಗಾರರು ಓದಿ ಹೇಳಿದ್ದನ್ನು ಅವಳು ಕೇಳಲೂ ಇಲ್ಲ. ಮುಗಿದ ಮೇಲೆ ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. ಮನೆಗೆ ಹೋಗಿ ಎಷ್ಟು ಉಜ್ಜಿದರೂ ಸೀರೆಯ ಕಲೆ ಹೋಗಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬಂತು. ಅದರ ಮುಂದಿನ ವರ್ಷವೂ ಬಂತು. ಆಮೇಲೆ ಬರಲಿಲ್ಲ. ಸಹಿ ಮಾಡಿದರೆ ಸಂಬಂಧ ಉಳಿಯುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ ಅನ್ನುವುದಕ್ಕಾಗಿ ಇದನ್ನು ಹೇಳಿದೆ, ನಿಮ್ಮ ಅಣ್ಣಂದಿರು ಹೀಗೇ ಅಂತ ಹೇಳಲು ಅಲ್ಲ.

ಪಾಲು ತಗೊಳ್ಳಿ ಅಂತಲೋ ಬಿಡಿ ಅಂತಲೋ ನಾನು ಹೇಳಲಾರೆ. ಆ ಮನೆಯಲ್ಲಿ ಬೆಳೆದವರು ನೀವು. ಒಂದು ಮಾತ್ರ ಗಮನಿಸಿ. ಕಾನೂನು ಬರುವ ಮೊದಲು ನಿಮ್ಮ ಅಣ್ಣಂದಿರು ನಿಮ್ಮ ಹತ್ತಿರ ಬರುವ ಅಗತ್ಯವೇ ಇರುತ್ತಿರಲಿಲ್ಲ. ಇವತ್ತು ಬಂದು ಕೇಳಬೇಕಾಗಿದೆ. ಕೇಳಬೇಕಾದಲ್ಲಿ ಬೇಡ ಅನ್ನಲೂ ಬರುತ್ತದೆ, ಅರ್ಧ ಕೊಡಿ ಅನ್ನಲೂ ಬರುತ್ತದೆ, ಅಮ್ಮನ ಹೆಸರಿಗೆ ಇಷ್ಟು ಇರಲಿ ಅಂತ ಷರತ್ತು ಹಾಕಲೂ ಬರುತ್ತದೆ, ಎಲ್ಲ ತಿಳಿದೇ ಪ್ರೀತಿಯಿಂದ ಬಿಟ್ಟುಕೊಡಲೂ ಬರುತ್ತದೆ. ಬಿಟ್ಟುಕೊಟ್ಟರೂ ಅದು ನೀವು ಕೊಟ್ಟದ್ದಾಗುತ್ತದೆ, ಅವರು ತಗೊಂಡದ್ದಾಗುವುದಿಲ್ಲ. ಹಬ್ಬದ ಗಲಾಟೆಯಲ್ಲಿ, ಕಾರಿನಲ್ಲಿ ಕೂರಿಸಿಕೊಂಡು ಹೋದಾಗ ಸಹಿ ಮಾಡಬೇಡಿ. ಪತ್ರದ ಒಂದು ಪ್ರತಿ ಮನೆಗೆ ತರಿಸಿ, ನಿಧಾನ ಓದಿ.

ವಕೀಲರಿಗೆ ದುಡ್ಡಿಲ್ಲ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಕಾನೂನು ದುರ್ಬಲರ ಸ್ವಾತಂತ್ರ್ಯ ಕಾಪಾಡುತ್ತದೆ ಅಂತ ನೀವು ಆಗಾಗ ಬರೆಯುತ್ತೀರಿ. ನಾನು ತುರ್ತು ಪರಿಸ್ಥಿತಿ ನೋಡಿದವನು. ಆಗ ಜನರನ್ನು ಜೈಲಿಗೆ ಹಾಕಿದ್ದೂ ಕಾನೂನಿನ ಹೆಸರಿನಲ್ಲೇ. ಇದಕ್ಕೆ ಏನಂತೀರಿ?
– ನಿವೃತ್ತ ಶಿಕ್ಷಕರು, ಮೈಸೂರು

ಮೇಷ್ಟ್ರೇ, ನೀವು ಹೇಳಿದ್ದು ಪೂರ್ತಿ ನಿಜ. ಕಾನೂನು ಅಂತ ಹೆಸರಿಟ್ಟುಕೊಂಡು ಬಂದದ್ದೆಲ್ಲ ನ್ಯಾಯವಲ್ಲ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಮೀಸಾ ಅನ್ನುವ ಆಂತರಿಕ ಭದ್ರತಾ ಕಾಯ್ದೆಯಡಿ ಕಾರಣ ಹೇಳದೆ, ವಿಚಾರಣೆ ಇಲ್ಲದೆ ಜನರನ್ನು ಒಳಗೆ ಹಾಕಿದರು. ನಮ್ಮ ಸ್ನೇಹಲತಾ ರೆಡ್ಡಿಯವರನ್ನು ನೆನೆಸಿಕೊಳ್ಳಿ. ನಟಿ, ರಂಗಕರ್ಮಿ. ಆಸ್ತಮಾ ಇದ್ದ ಹೆಣ್ಣುಮಗಳನ್ನು ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಅವರು ತೀರಿಹೋದರು. ಬಂಧನವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದಾಗ, ತುರ್ತು ಪರಿಸ್ಥಿತಿಯಲ್ಲಿ ಪೊಲೀಸಿನವನೊಬ್ಬ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಕೋರ್ಟಿಗೆ ಹೋಗಲು ದಾರಿಯಿಲ್ಲವಾ ಅಂತ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ಇಲ್ಲ ಅನ್ನುವ ಉತ್ತರವೇ ಸರ್ಕಾರದ ಕಡೆಯಿಂದ ಬಂತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಕಡೆ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದೆ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರಿಗಿಂತ ಕಿರಿಯರಿಗೆ ಹೋಯಿತು, ಅವರು ರಾಜೀನಾಮೆ ಕೊಟ್ಟರು.

ಈಗ ಅದೇ ಕಾಲದ ಇನ್ನೊಂದು ಸಂಗತಿ. 1975ರ ಅಕ್ಟೋಬರ್‌ನಲ್ಲಿ, ಅಂದರೆ ಜೈಲುಗಳು ತುಂಬಿದ್ದಾಗಲೇ, ಜೀತ ಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಕಾಯ್ದೆಯಾಯಿತು. ಅಪ್ಪ ಮದುವೆಗೋ ಕಾಯಿಲೆಗೋ ಮಾಡಿದ ಸಾಲಕ್ಕೆ ಮಗ ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ಬದುಕು ಸವೆಸುವುದು, ಅವನ ನಂತರ ಅವನ ಮಗ. ಆ ಸಾಲವೇ ಇಲ್ಲ ಅಂತ ಕಾಯ್ದೆ ಹೇಳಿತು. ಒಂದೇ ಸರ್ಕಾರ, ಒಂದೇ ವರ್ಷ. ಒಂದು ಕಾಗದ ಒಬ್ಬರನ್ನು ಒಳಗೆ ಹಾಕಿತು, ಇನ್ನೊಂದು ಕಾಗದ ಇನ್ನೊಬ್ಬರನ್ನು ಕೊಟ್ಟಿಗೆಯಿಂದ ಹೊರಗೆ ಕರೆಯಿತು. ಇದರ ಬಗ್ಗೆ ನಾನು ತುಂಬಾ ದಿನ ಯೋಚನೆ ಮಾಡಿದ್ದೇನೆ. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಕಾಣುವುದು ಇಲ್ಲಿ: ಜೀತದ ಕಾಯ್ದೆಯಲ್ಲಿ ಗೌಡ ಹೇಳಿದ ಲೆಕ್ಕವನ್ನು ಬೇರೊಬ್ಬರ ಮುಂದೆ ಇಟ್ಟು ಪ್ರಶ್ನಿಸಬಹುದು. ಮೀಸಾದಲ್ಲಿ ಸರ್ಕಾರ ಹೇಳಿದ್ದನ್ನು ಯಾರೂ ಪ್ರಶ್ನಿಸುವಂತಿಲ್ಲ. ಅಂದರೆ ಕೊಳಗ ಮತ್ತೆ ಒಡೆಯನ ಕೈಗೇ ಹೋಯಿತು, ಈ ಸಲ ಒಡೆಯ ಸರ್ಕಾರ.

ನೊಂದ ಜನ ಸುಮ್ಮನೆ ಕೂರಲಿಲ್ಲ ಅನ್ನುವುದೂ ನಿಮಗೆ ಗೊತ್ತು. 1978ರ 44ನೇ ತಿದ್ದುಪಡಿ ಬಂದು, ಇನ್ನು ಮುಂದೆ ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಕಾಪಾಡಿಕೊಡಿ ಅಂತ ಕೋರ್ಟಿಗೆ ಹೋಗುವ ದಾರಿ ಮುಚ್ಚುವಂತಿಲ್ಲ ಅಂತಾಯಿತು. ಆ 1976ರ ತೀರ್ಪನ್ನು ಬಾಯಿಬಿಟ್ಟು ತಪ್ಪು ಅಂತ ಹೇಳಲು ಮಾತ್ರ 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಹೇಳಿಸಿದ್ದು ಖಾಸಗಿತನದ ಹಕ್ಕಿನ ಮೊಕದ್ದಮೆ. ಅದನ್ನು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ ಆ ಹಳೆಯ ತೀರ್ಪು ತಪ್ಪು ಅಂತ ಬರೆದವರು ಡಿ.ವೈ. ಚಂದ್ರಚೂಡ್, 1976ರಲ್ಲಿ ಸರ್ಕಾರದ ಕಡೆ ನಿಂತ ನಾಲ್ವರಲ್ಲಿ ಅವರ ತಂದೆಯೂ ಒಬ್ಬರು. ಅಪ್ಪನ ತಪ್ಪನ್ನು ಮಗ ತಿದ್ದಿದ ಆ ಪುಟಗಳನ್ನು ಓದುವಾಗ ನನ್ನ ಕಣ್ಣು ತುಂಬಿತ್ತು.

ಹಾಗಂತ ಅಪಾಯ ಮುಗಿದಿದೆ ಅಂತ ನಾನು ಹೇಳುವುದಿಲ್ಲ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಎರಡು ಸಾಲು ಬರೆದ ಹುಡುಗಿಯನ್ನೂ ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನೂ ಪೊಲೀಸರು ಹಿಡಿದರು. ಅಂಥ ಬಂಧನಗಳಿಗೆ ದಾರಿ ಮಾಡಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ಯಾವ ಮಾತು ತಪ್ಪು, ಯಾವುದು ಅಲ್ಲ ಅಂತ ಸರಿಯಾಗಿ ಬರೆಯದ ಕಾನೂನು ಅದು. ಅಳತೆಯನ್ನು ಪೊಲೀಸಿನವರ ಮನಸ್ಸಿಗೆ ಬಿಟ್ಟುಬಿಟ್ಟಿತ್ತು. ಹೊಸ ಕಾನೂನು ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಇದನ್ನೇ, ಇದರಲ್ಲಿ ಅಳತೆ ಬರೆದಿದೆಯಾ, ಬರೆದಿದ್ದರೆ ಅಳೆಯುವವರು ಯಾರು, ಅವರು ತಪ್ಪಿ ಅಳೆದರೆ ನಾನು ಎಲ್ಲಿಗೆ ಹೋಗಬೇಕು. ನಿಮ್ಮ ಹಳೆಯ ವಿದ್ಯಾರ್ಥಿಗಳಿಗೂ ಇದನ್ನು ಹುಡುಕಲು ಹೇಳಿಕೊಡಿ ಮೇಷ್ಟ್ರೇ. ನೀವು ಕಂಡದ್ದನ್ನು ಅವರು ಕಂಡಿಲ್ಲ.

ನನ್ನ ಚಹಾ ಅಂಗಡಿ ಇದೆ. ಹೋದ ತಿಂಗಳು ಅಂಗಡಿ ಮುಂದಿನ ಗಲಾಟೆಗೆ ಸಂಬಂಧಪಟ್ಟು ಮಗನನ್ನು ಸ್ಟೇಷನ್‌ಗೆ ಕರೆದುಕೊಂಡು ಹೋದರು. ಎರಡು ರಾತ್ರಿ ಬಿಡಲಿಲ್ಲ, ಯಾಕೆ ಅಂತಲೂ ಹೇಳಲಿಲ್ಲ. ಆಮೇಲೆ ಹಾಗೇ ಕಳಿಸಿದರು. ನಮ್ಮಂಥವರಿಗೆ ಕಾನೂನು ಏನಾದರೂ ಇದೆಯಾ?
– ಓದುಗರು, ಕಲಬುರಗಿ

ಇದೆ ಅಣ್ಣಾ. ನಿಮ್ಮ ಮಗನಿಗೆ ಆದದ್ದು ಕಾನೂನಿನ ಪ್ರಕಾರ ಆದದ್ದಲ್ಲ, ಕಾನೂನು ಮುರಿದು ಆದದ್ದು. ಬಂಧಿಸಿದವರು ಕಾರಣ ಹೇಳಲೇಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಸುಮ್ನೆ ವಿಚಾರಣೆಗೆ ಕರೆದದ್ದು, ಬಂಧನವೇ ಅಲ್ಲ ಅಂತ ಅವರು ಹೇಳಬಹುದು. ಹಾಗಿದ್ದರೆ ಎದ್ದು ಮನೆಗೆ ಹೋಗುತ್ತೇನೆ ಅಂದಾಗ ಬಿಡಬೇಕಿತ್ತು, ರಾತ್ರಿ ಇಟ್ಟುಕೊಳ್ಳುವಂತಿರಲಿಲ್ಲ. ಬಂಧಿಸಿದಾಗ ಒಂದು ಮೆಮೊ ಬರೆದು ಸಾಕ್ಷಿಯ ಸಹಿ ಹಾಕಿಸಬೇಕು, ಮನೆಯವರಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಬಂಧನ, ತನಿಖೆಯ ನಿಯಮಗಳಿಗಾಗಿ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಇದೆ.

ಈಗ ಮಾಡಬೇಕಾದ್ದು. ಮಗನನ್ನು ಕೂರಿಸಿಕೊಂಡು, ಯಾವ ದಿನ ಎಷ್ಟು ಗಂಟೆಗೆ ಕರೆದುಕೊಂಡು ಹೋದರು, ಯಾರು ಬಂದಿದ್ದರು, ಯಾವಾಗ ಬಿಟ್ಟರು ಅಂತ ಇವತ್ತೇ ಒಂದು ಹಾಳೆಯಲ್ಲಿ ಬರೆಸಿ. ಅಂಗಡಿ ಎದುರು ಯಾರದ್ದಾದರೂ ಸಿಸಿಟಿವಿ ಇದ್ದರೆ ಅದರ ಚಿತ್ರ ಉಳಿಸಿಕೊಡಲು ಇವತ್ತೇ ಕೇಳಿ, ಹಳೆಯದು ತಾನಾಗಿಯೇ ಅಳಿಸಿಹೋಗುತ್ತದೆ, ಈಗಾಗಲೇ ತಡವಾಗಿದೆ. ಮಗನಿಗೆ ಪೆಟ್ಟು ಬಿದ್ದಿದ್ದರೆ ಸರ್ಕಾರಿ ಆಸ್ಪತ್ರೆಯ ಚೀಟಿ ಇಟ್ಟುಕೊಳ್ಳಿ. ಆ ಹಾಳೆ ಹಿಡಿದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೋರ್ಟಿನ ಆವರಣದಲ್ಲೇ ಸಿಗುತ್ತದೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಅರ್ಜಿ ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ, ಕನ್ನಡದಲ್ಲೇ ಬರೆಯಿರಿ. ಕೊಟ್ಟ ಅರ್ಜಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ. ಏನಾಯಿತು ಅಂತ ನನಗೂ ಬರೆಯಿರಿ.